ಹಿಂದಕ್ಕೆ ಎಣಿಸುವ ವಾರಗಳು

1

ಮಿನಿಯಾಪೊಲಿಸ್‌ನಲ್ಲಿ ತೋಟದ ಲೆಕ್ಕ ಶುರುವಾಗುವುದು ಮೇ ತಿಂಗಳ ಮಧ್ಯದಿಂದ. ಎಲೆ ಸುಡುವ ಚಳಿ ಅಷ್ಟರೊಳಗೆ ಮುಗಿದಿರುತ್ತದೆ ಎಂಬುದು ಊರಿನವರ ಅಂದಾಜು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ಸೌತೆಗೆ ಮೂರು ನಾಲ್ಕು ವಾರ. ಟೊಮೆಟೊಗೆ ಆರರಿಂದ ಎಂಟು. ಮೆಣಸಿನಕಾಯಿಗೆ, ಬದನೆಗೆ ಎಂಟರಿಂದ ಹತ್ತು. ಈರುಳ್ಳಿ ಸಸಿ ಚಳಿ ತಡೆಯುತ್ತದೆ, ಏಪ್ರಿಲ್ ಕೊನೆಗೇ ಹೊರಗೆ ಹೋಗುತ್ತದೆ. ಅದಕ್ಕೆ ಹತ್ತರಿಂದ ಹನ್ನೆರಡು ವಾರ. ಹಾಗಾಗಿ ಈರುಳ್ಳಿ ಬೀಜ ಬಿತ್ತುವ ದಿನ ಫೆಬ್ರವರಿಯಲ್ಲಿ ಬೀಳುತ್ತದೆ. ಆಗ ಮಡಿ ಇರುವ ಜಾಗ ಹಿಮದಡಿಯಲ್ಲಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

2

ನಮ್ಮ ಕಡೆ ಬಿತ್ತನೆಯ ಲೆಕ್ಕ ಮುಂದಕ್ಕೆ ಹೋಗುತ್ತದೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಅಲ್ಲಿ ಬರಬೇಕಾದದ್ದಕ್ಕೆ ಕಾಯುತ್ತಾರೆ. ಇಲ್ಲಿ ಹೋಗಬೇಕಾದದ್ದಕ್ಕೆ.

3

ಮಿನಿಯಾಪೊಲಿಸ್ 45ನೇ ಅಕ್ಷಾಂಶದ ಮೇಲಿದೆ. ಡಿಸೆಂಬರ್ 21ರಂದು ಹಗಲು ಒಂಬತ್ತು ಗಂಟೆಗಿಂತ ಕಡಿಮೆ. ಫೆಬ್ರವರಿ ಕೊನೆಯ ಹೊತ್ತಿಗೆ ಹನ್ನೊಂದು. ದಿನಕ್ಕೆ ಮೂರು ನಿಮಿಷದಂತೆ ಬೆಳಕು ಸೇರುತ್ತಿರುತ್ತದೆ. ಬೆಳಕು ಮೊದಲು ಬರುತ್ತದೆ, ಬಿಸುಪು ವಾರಗಟ್ಟಲೆ ತಡವಾಗಿ.

4

ಫೆಬ್ರವರಿ 2ರಂದು ಪೆನ್ಸಿಲ್ವೇನಿಯಾದ ಪಂಕ್ಸುಟಾನಿ ಊರಿನಲ್ಲಿ ಅಳಿಲಿನ ಕುಟುಂಬದ ಒಂದು ಪ್ರಾಣಿಯನ್ನು ಬಿಲದಿಂದ ಹೊರಗೆ ತೆಗೆಯುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಚಳಿಗಾಲ ಇನ್ನೂ ಆರು ವಾರ. ಕಾಣದಿದ್ದರೆ ವಸಂತ ಬೇಗ. 1887ರಿಂದ ನಡೆದುಬಂದ ಪದ್ಧತಿ. ಫೆಬ್ರವರಿ 2ಕ್ಕೆ ಆರು ವಾರ ಕೂಡಿಸಿದರೆ ಮಾರ್ಚ್ 16. ವಿಷುವ ದಿನ ಮಾರ್ಚ್ 20ರ ಆಸುಪಾಸು. ನೆರಳು ಕಂಡರೂ ಕಾಣದಿದ್ದರೂ ಅದು ಅಲ್ಲೇ ಇರುತ್ತದೆ.

5

ಬೀಜದ ಕ್ಯಾಟಲಾಗುಗಳು ಟಪಾಲಿನಲ್ಲಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಮುಖಪುಟದಲ್ಲಿ ಕೆಂಪು ಟೊಮೆಟೊ. ಅದನ್ನು ತರಲು ಮನೆಯಿಂದ ಟಪಾಲು ಡಬ್ಬಿಯವರೆಗೆ ಹಿಮ ಎತ್ತಿ ದಾರಿ ಮಾಡಬೇಕು.

6

ಹತ್ತೊಂಬತ್ತನೇ ಶತಮಾನದಲ್ಲಿ ಶುರುವಾಗಿ 1920ರ ದಶಕದವರೆಗೂ ಅಮೆರಿಕದ ಸಂಸತ್ತಿನ ಸದಸ್ಯರು ತಮ್ಮ ಕ್ಷೇತ್ರದ ಜನರಿಗೆ ಬೀಜದ ಪೊಟ್ಟಣಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಸರ್ಕಾರದ ಖರ್ಚು. ತರಕಾರಿ ಬೀಜ, ಹೂವಿನ ಬೀಜ.

7

ಒಂದು ಗ್ರಾಂ ಟೊಮೆಟೊ ಬೀಜದಲ್ಲಿ ಮುನ್ನೂರರ ಮೇಲೆ ಇರುತ್ತವೆ. ಸೆಲರಿಯಾದರೆ ಸುಮಾರು 2,500. ಪೆಟೂನಿಯಾ ಸುಮಾರು 10,000. ಪೆಟೂನಿಯಾ ಬೀಜವನ್ನು ಬಿಳಿ ಕಾಗದದ ಮಡಿಕೆಯಲ್ಲಿ ಹಾಕಿ, ಕಾಗದಕ್ಕೆ ಬೆರಳಿನಿಂದ ತಟ್ಟುತ್ತಾ ಒಂದೊಂದಾಗಿ ಉದುರಿಸುತ್ತಾರೆ. ಉಸಿರು ಹಿಡಿದೇ ಮಾಡುವ ಕೆಲಸ. ಉಸಿರು ಬಿಟ್ಟರೆ ಹಾರಿಹೋಗುತ್ತವೆ.

8

ಒಣ ಬೀಜ ನೀರಿಗೆ ಬಿದ್ದರೆ ಉಬ್ಬುತ್ತದೆ. ಸತ್ತ ಬೀಜವೂ ಉಬ್ಬುತ್ತದೆ. ನೀರು ಹೀರುವುದಕ್ಕೆ ಜೀವ ಬೇಕಿಲ್ಲ. ಮೊದಲ ಕೆಲವು ಗಂಟೆ ಎರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ.

9

ಬೀಜ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಟೆಟ್ರಜೋಲಿಯಮ್ ಎಂಬ ಬಣ್ಣವಿಲ್ಲದ ದ್ರಾವಣ ಬಳಸುತ್ತಾರೆ. ನೆನೆಸಿದ ಬೀಜವನ್ನು ಸೀಳಿ ಅದರಲ್ಲಿ ಇಡುತ್ತಾರೆ. ಉಸಿರಾಡುವ ಭಾಗ ಕೆಂಪಾಗುತ್ತದೆ. ಸತ್ತ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಹೀಗೆ ಬದುಕಿದೆ ಎಂದು ಗೊತ್ತಾದ ಬೀಜವನ್ನು ಮತ್ತೆ ಬಿತ್ತಲಾಗದು.

10

ಮನೆಯ ಪರೀಕ್ಷೆ ಬೇರೆ. ಹತ್ತು ಬೀಜ, ಒದ್ದೆ ಪೇಪರ್ ಟವೆಲ್, ಪ್ಲಾಸ್ಟಿಕ್ ಚೀಲ, ಫ್ರಿಜ್ಜಿನ ನೆತ್ತಿ. ಒಂದು ವಾರದ ಮೇಲೆ ಬಿಡಿಸಿ ನೋಡುವುದು. ಏಳು ಮೊಳೆತರೆ ನೂರಕ್ಕೆ ಎಪ್ಪತ್ತು. ಈರುಳ್ಳಿ ಬೀಜ ವರ್ಷ ಎರಡು ವರ್ಷದಲ್ಲಿ ಸೋಲುತ್ತದೆ. ಟೊಮೆಟೊ ನಾಲ್ಕು ವರ್ಷ, ಸೌತೆ ಐದು ವರ್ಷ ಬಾಳುತ್ತದೆ.

11

ತುಮಕೂರಿನಿಂದ ಅಮ್ಮ ಫೋನಿನಲ್ಲಿ:

“ಮನೆಯೊಳಗೇ ಸಸಿ ಮಾಡ್ತೀಯಾ? ಬಿಸಿಲಿಗೇನ್ ಮಾಡ್ತೀಯೋ?”

“ಟ್ಯೂಬ್‌ಲೈಟ್ ಹಾಕಿದೀನಮ್ಮ.”

“ಟ್ಯೂಬ್‌ಲೈಟಿಗೆ ಗಿಡ ಬರತ್ತಾ?”

“ಬರತ್ತೆ.”

ಸ್ವಲ್ಪ ಹೊತ್ತು ಬಿಟ್ಟು, “ರಾತ್ರಿನಾದ್ರೂ ಆರ್ಸ್ತೀಯೋ ಇಲ್ವೋ? ಅದಕ್ಕೂ ನಿದ್ದೆ ಬೇಕಲ್ವಾ.”

12

ಟೈಮರ್ ಬೆಳಗಿನ ಆರಕ್ಕೆ ದೀಪ ಹಚ್ಚುತ್ತದೆ, ರಾತ್ರಿ ಹತ್ತಕ್ಕೆ ಆರಿಸುತ್ತದೆ. ಹದಿನಾರು ಗಂಟೆ. ಹೊರಗಿನ ಹಗಲಿಗೂ ಒಳಗಿನ ಹಗಲಿಗೂ ಐದು ಗಂಟೆಯ ಅಂತರ. ಟ್ಯೂಬು ಸಸಿಯ ತಲೆಯಿಂದ ಒಂದು ಗೇಣಿನೊಳಗೆ ಇರಬೇಕು. ಸಸಿ ಬೆಳೆದ ಹಾಗೆ ಸರಪಳಿಯ ಕೊಂಡಿ ಒಂದೊಂದೇ ಮೇಲಕ್ಕೆ.

13

ಮಾರ್ಚ್ ರಾತ್ರಿ ಬೀದಿಯಲ್ಲಿ ನಡೆದರೆ ಕೆಲವು ಮನೆಗಳ ಬೇಸ್‌ಮೆಂಟ್ ಕಿಟಕಿ ಬೆಳಗುತ್ತಿರುತ್ತದೆ. ಕೆಲವು ಬಿಳಿ, ಕೆಲವು ನೇರಳೆ. ಮೇಲಿನ ಮಹಡಿಗಳಲ್ಲಿ ಕತ್ತಲು.

14

ಬೆಳಕು ಸಾಲದಿದ್ದರೆ ಸಸಿ ಉದ್ದವಾಗುತ್ತದೆ. ಕಾಂಡ ಬಿಳಿಚಿ ಸಣ್ಣಗಾಗುತ್ತದೆ, ಎಲೆ ಚಿಕ್ಕದಾಗಿಯೇ ಉಳಿಯುತ್ತದೆ. ಬೀಜದಲ್ಲಿದ್ದ ಗಂಟನ್ನೆಲ್ಲ ಎತ್ತರಕ್ಕೇ ಖರ್ಚು ಮಾಡುತ್ತದೆ. ಅಷ್ಟರಲ್ಲಿ ಬೆಳಕು ಸಿಕ್ಕದೇ ಹೋದರೆ ಮುಗಿಯಿತು.

15

ನವರಾತ್ರಿಯಲ್ಲಿ ಘಟ್ಟ ಹಾಕುವ ಮನೆಗಳಲ್ಲಿ ದೇವರ ಮುಂದೆ ಮಣ್ಣು ಹರಡಿ ಧಾನ್ಯ ಬಿತ್ತುತ್ತಾರೆ. ದೇವರ ಕೋಣೆಗೆ ಬಿಸಿಲಿಲ್ಲ. ಮೊಳಕೆ ಹಳದಿಯಾಗಿ, ಉದ್ದವಾಗಿ ಬರುತ್ತದೆ. ಅದನ್ನು ನೋಡಿ ಮನೆಯವರು ಚೆನ್ನಾಗಿ ಬಂತು ಎನ್ನುತ್ತಾರೆ.

16

ಮಾರ್ಚ್ 20ರ ಹೊತ್ತಿಗೆ ಇರಾನಿನವರ ಮನೆಗಳಲ್ಲಿ ತಟ್ಟೆಯ ತುಂಬ ಗೋಧಿಯ ಅಥವಾ ಮಸೂರದ ಮೊಳಕೆ, ನಡುವಿಗೆ ರಿಬ್ಬನ್ ಕಟ್ಟಿದ್ದು. ನೌರೋಜ್ ಹಬ್ಬದ್ದು. ಹದಿಮೂರನೇ ದಿನ ಅದನ್ನು ಹರಿಯುವ ನೀರಿಗೆ ಬಿಡುತ್ತಾರೆ. ನೆಲಕ್ಕೆ ನೆಡುವುದಿಲ್ಲ.

17

ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಸಸ್ಯಗಳ ಚಲನೆಯ ಬಗ್ಗೆ ಪುಸ್ತಕ ತಂದರು. ಹುಲ್ಲಿನ ಮೊಳಕೆ ಕಿಟಕಿಯ ಕಡೆ ಬಾಗುತ್ತದೆ. ತುದಿಗೆ ಬೆಳಕು ಹೋಗದ ಪುಟ್ಟ ಟೊಪ್ಪಿ ಹಾಕಿದರೆ ಬಾಗುವುದಿಲ್ಲ. ಬಾಗುವುದು ಕೆಳಗಿನ ಭಾಗ, ಬೆಳಕು ಕಾಣುವುದು ತುದಿ. ನಡುವೆ ಏನೋ ಸುದ್ದಿ ಇಳಿಯುತ್ತದೆ ಎಂದು ಬರೆದರು. ಆಕ್ಸಿನ್ ಎಂಬ ರಸ ಸಿಕ್ಕಿದ್ದು ಅವರಿಬ್ಬರೂ ತೀರಿಕೊಂಡ ಮೇಲೆ.

18

ಸಸಿಗಳ ತಲೆಯ ಮೇಲೆ ದಿನಕ್ಕೆ ಒಂದೆರಡು ಸಲ ಅಂಗೈ ಆಡಿಸಿದರೆ ಅವು ಗಿಡ್ಡವಾಗಿ, ಕಾಂಡ ಗಟ್ಟಿಯಾಗಿ ಬೆಳೆಯುತ್ತವೆ. 1973ರಲ್ಲಿ ಮಾರ್ಕ್ ಜ್ಯಾಫೆ ಎಂಬ ವಿಜ್ಞಾನಿ ಇದಕ್ಕೊಂದು ಉದ್ದನೆಯ ಹೆಸರು ಕೊಟ್ಟರು. ಗಾಳಿಯಿಲ್ಲದ ಬೇಸ್‌ಮೆಂಟಿನಲ್ಲಿ ಗಾಳಿಯ ಕೆಲಸವನ್ನು ಕೈ ಮಾಡುತ್ತದೆ. ಟೊಮೆಟೊ ಸಸಿಯಾದರೆ ಅಂಗೈಗೆ ವಾಸನೆ ಅಂಟುತ್ತದೆ. ಸೋಪಿಗೂ ಬೇಗ ಹೋಗುವುದಿಲ್ಲ.

19

ಮೆಣಸಿನಕಾಯಿ ಬೀಜಕ್ಕೆ 25ರಿಂದ 30 ಡಿಗ್ರಿ ಬೇಕು. ಟ್ರೇಯ ಕೆಳಗೆ ಹೀಟ್ ಮ್ಯಾಟ್ ಹಾಸುತ್ತಾರೆ. ಬಟಾಣಿ 5 ಡಿಗ್ರಿಯಲ್ಲೂ ಮೊಳೆಯುತ್ತದೆ, ನಿಧಾನವಾಗಿ. ಲೆಟಿಸ್ ಬೀಜಕ್ಕೆ 30 ಡಿಗ್ರಿ ದಾಟಿದರೆ ಮೊಳಕೆ ನಿಂತೇಹೋಗುತ್ತದೆ. ಒಂದು ಎಚ್ಚರವಾಗುವ ಶಾಖದಲ್ಲಿ ಇನ್ನೊಂದು ಮಲಗುತ್ತದೆ.

20

ಲೆಟಿಸ್ ಬೀಜದ ಮೇಲೆ ಮಣ್ಣು ಮುಚ್ಚಬಾರದು. ಬೆಳಕು ತಾಗಬೇಕು. 1952ರಲ್ಲಿ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ತಳಿಯ ಬೀಜಕ್ಕೆ ಕೆಂಪು ಬೆಳಕು ಕೊಟ್ಟರು, ಮೊಳೆಯಿತು. ಕೆಂಪಾದ ಮೇಲೆ ದೂರಗೆಂಪು ಕೊಟ್ಟರು, ಮೊಳೆಯಲಿಲ್ಲ. ಮತ್ತೆ ಕೆಂಪು, ಮೊಳೆಯಿತು. ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದ ಬೆಳಕಿನದೇ ಮಾತು.

21

ಹಸಿರೆಲೆ ಕೆಂಪು ಬೆಳಕನ್ನು ತಾನೇ ಉಂಡುಬಿಡುತ್ತದೆ, ದೂರಗೆಂಪನ್ನು ಕೆಳಗೆ ಬಿಡುತ್ತದೆ. ನೆಲದಲ್ಲಿರುವ ಬೀಜಕ್ಕೆ ದೂರಗೆಂಪೇ ಹೆಚ್ಚಾಗಿ ಬಂದರೆ ಮೇಲೆ ಬೇರೆ ಗಿಡವಿದೆ ಎಂದರ್ಥ. ಅದು ಸುಮ್ಮನಿರುತ್ತದೆ.

22

ಮಿಲ್ಕ್‌ವೀಡ್ ಎಂಬುದು ಎಕ್ಕದ ಕುಟುಂಬದ ಗಿಡ, ಮುರಿದರೆ ಹಾಲು. ಮೊನಾರ್ಕ್ ಚಿಟ್ಟೆಯ ಹುಳು ಅದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಇದರ ಬೀಜಕ್ಕೆ ಒಂದು ತಿಂಗಳಾದರೂ ತೇವ ಮತ್ತು ಚಳಿ ಬೇಕು. ಇಲ್ಲದಿದ್ದರೆ ಬಹುಪಾಲು ಮೊಳೆಯುವುದಿಲ್ಲ. ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತು ಡಿಗ್ರಿ ಇರುವಾಗ ಜನ ಇದನ್ನು ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್ಜಿನಲ್ಲಿ ಇಡುತ್ತಾರೆ.

23

ಬೀಜಕ್ಕೆ ಬೇಕಾದ ಚಳಿ ಸೊನ್ನೆಗಿಂತ ತುಸು ಮೇಲಿನದು. ಹೆಪ್ಪುಗಟ್ಟಿದ ದಿನಗಳು ಲೆಕ್ಕಕ್ಕೆ ಅಷ್ಟಾಗಿ ಸೇರುವುದಿಲ್ಲ. ಒಣಗಿದ್ದಾಗ ಕಳೆದ ಚಳಿಯೂ ಸೇರುವುದಿಲ್ಲ. ಒದ್ದೆಯಾಗಿದ್ದಾಗಿನ ತಂಪು ಮಾತ್ರ ಜಮೆ.

24

ಪಕ್ಕದ ಮನೆಯ ಮುದುಕಿ ಜನವರಿಯಲ್ಲೇ ಹಿಮದ ಮೇಲೆ ಹಾಲಿನ ಕ್ಯಾನುಗಳನ್ನು ಸಾಲಾಗಿ ಇಟ್ಟರು. ಒಂದು ಗ್ಯಾಲನ್ನಿನ ಪ್ಲಾಸ್ಟಿಕ್ ಕ್ಯಾನು, ಅಂದರೆ ಹೆಚ್ಚುಕಡಿಮೆ ನಾಲ್ಕು ಲೀಟರಿನದು. ನಡುವಿಗೆ ಸುತ್ತ ಕೊಯ್ದು, ಹಿಡಿಯ ಹತ್ತಿರ ಮಾತ್ರ ಕೊಯ್ಯದೆ ಬಿಟ್ಟು, ಕೆಳಗೆ ತೂತು, ಒಳಗೆ ಮಣ್ಣು, ಬೀಜ. ಮತ್ತೆ ಟೇಪು ಸುತ್ತಿ ಮುಚ್ಚಳ ತೆಗೆದು ಇಟ್ಟಿದ್ದಾರೆ. ಬಾಯಿಯಿಂದ ಹಿಮ ಒಳಗೆ ಬೀಳುತ್ತದೆ, ಕರಗುತ್ತದೆ, ಹೆಪ್ಪುಗಟ್ಟುತ್ತದೆ, ಕರಗುತ್ತದೆ. ಅವರು ಮುಟ್ಟುವುದಿಲ್ಲ.

25

ಆ ಕ್ಯಾನುಗಳಲ್ಲಿ ಏಪ್ರಿಲ್‌ನಲ್ಲಿ ಮೊಳೆತ ಸಸಿ ಒಂದಂಗುಲ. ಬೇಸ್‌ಮೆಂಟಿನ ಸಸಿ ಒಂದು ಗೇಣು. ಜೂನ್ ಕೊನೆಗೆ ಯಾವುದು ಯಾವುದೆಂದು ಎತ್ತರ ನೋಡಿ ಹೇಳಲಾಗಲಿಲ್ಲ.

26

2023–24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಹಿಮ ಕಡಿಮೆ. ಕೆರೆಗಳ ಮೇಲಿನ ಮಂಜುಗಡ್ಡೆ ತೆಳು. 2018ರಲ್ಲಿ ಏಪ್ರಿಲ್ ಮಧ್ಯದಲ್ಲಿ ಮೂರು ದಿನ ಹಿಮಗಾಳಿ ಬೀಸಿ ಮೊಣಕಾಲಿನ ಹತ್ತಿರ ಹಿಮ ಬಿತ್ತು. ಎರಡೂ ವರ್ಷ ಪ್ಯಾಕೆಟ್ಟಿನ ಹಿಂದೆ ಅಚ್ಚಾದ ವಾರಗಳು ಒಂದೇ.

27

ಹಿಮ ಹೆಚ್ಚು ಬಿದ್ದ ವರ್ಷ ನೆಲದೊಳಗಿನ ಗೆಡ್ಡೆ, ಬೇರು ಉಳಿಯುತ್ತವೆ. ಹಿಮದಲ್ಲಿ ಗಾಳಿ ತುಂಬಿರುತ್ತದೆ. ಮೇಲೆ ಸೊನ್ನೆಯ ಕೆಳಗೆ ಇಪ್ಪತ್ತೈದು ಡಿಗ್ರಿ ಇದ್ದರೂ ಒಂದಡಿ ಹಿಮದಡಿಯಲ್ಲಿ ಮಣ್ಣು ಸೊನ್ನೆಯ ಆಸುಪಾಸಿನಲ್ಲಿ ನಿಂತಿರುತ್ತದೆ. ಗಿಡ ಹೆಚ್ಚು ಸಾಯುವುದು ಹಿಮವಿಲ್ಲದ ಚಳಿಗೆ.

28

ಕೃಷಿ ಇಲಾಖೆ 2023ರಲ್ಲಿ ಚಳಿವಲಯಗಳ ಹೊಸ ನಕ್ಷೆ ಬಿಡುಗಡೆ ಮಾಡಿತು. 1991ರಿಂದ 2020ರವರೆಗಿನ ಅಂಕಿಅಂಶ. ವರ್ಷದ ಅತಿ ಚಳಿಯ ರಾತ್ರಿ ಎಷ್ಟು ಚಳಿ ಎಂಬುದರ ಸರಾಸರಿ ಮಾತ್ರ ಅದರಲ್ಲಿದೆ. ಚಳಿ ಯಾವಾಗ ಮುಗಿಯುತ್ತದೆ ಎಂಬುದಿಲ್ಲ.

29

ಮಿನಿಟೊಂಕ ಕೆರೆಯ ಮಂಜುಗಡ್ಡೆ ಕರಗಿದ ದಿನವನ್ನು 1850ರ ದಶಕದಿಂದ ಬರೆದಿಟ್ಟಿದ್ದಾರೆ. ಸಾಮಾನ್ಯವಾಗಿ ಏಪ್ರಿಲ್ ಮಧ್ಯ. ಗಡ್ಡೆ ಪೂರ್ತಿ ಹೋಗಬೇಕೆಂದಿಲ್ಲ. ದೋಣಿಯೊಂದು ಕೆರೆಯ ಎಲ್ಲ ಕೊಲ್ಲಿಗಳಿಗೂ ಹೋಗಿಬರಲು ಸಾಧ್ಯವಾದರೆ ಆ ದಿನ ಎಂದು ಲೆಕ್ಕ. ಪೊಲೀಸರ ದೋಣಿ ಹೋಗಿ ನೋಡಿ ಬರುತ್ತದೆ.

30

ಬೇಸ್‌ಮೆಂಟಿನಲ್ಲಿ ಬೀಜ ಬಿತ್ತುವ ಹೊತ್ತಿಗೇ ಕಾಡಿನಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ಬಕೆಟ್ಟು ತೂಗುಹಾಕುತ್ತಾರೆ. ರಾತ್ರಿ ಸೊನ್ನೆಯ ಕೆಳಗೆ, ಹಗಲು ಸೊನ್ನೆಯ ಮೇಲೆ ಇದ್ದರೆ ಮಾತ್ರ ರಸ ಹನಿಯುತ್ತದೆ. ಹಗಲೂ ರಾತ್ರಿಯೂ ಬೆಚ್ಚಗಾದರೆ ನಿಲ್ಲುತ್ತದೆ. ನಲವತ್ತು ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಒಜಿಬ್ವೆ ಮತ್ತು ಡಕೋಟ ಜನ ಬಿಳಿಯರು ಬರುವ ಮೊದಲಿಂದ ಮಾಡುತ್ತಿದ್ದ ಕೆಲಸ.

31

ಪೀಟರ್ ಗಿಡಿಯನ್ 1850ರ ದಶಕದಲ್ಲಿ ಮಿನಿಟೊಂಕ ಕೆರೆಯ ದಂಡೆಗೆ ಬಂದು ಸೇಬಿನ ಗಿಡ ಹಾಕಿದ. ವರ್ಷ ವರ್ಷ ಚಳಿಗೆ ಸತ್ತವು. ಕೈಯಲ್ಲಿ ಉಳಿದದ್ದು ಎಂಟು ಡಾಲರ್, ಮೈಗೆ ಕೋಟಿಲ್ಲ. ಆ ದುಡ್ಡನ್ನು ಮೇನ್ ರಾಜ್ಯಕ್ಕೆ ಕಳಿಸಿ ಸೇಬಿನ ಬೀಜ ತರಿಸಿದ, ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದು ಹಾಕಿಕೊಂಡ ಎಂಬ ಕಥೆ ಇಲ್ಲಿ ಹೇಳುತ್ತಾರೆ. ಆ ಬೀಜದಿಂದ ಬಂದ ಒಂದು ಗಿಡ ಚಳಿ ತಡೆಯಿತು. 1868ರಲ್ಲಿ ಅದಕ್ಕೆ ಹೆಂಡತಿಯ ಹೆಸರಿಟ್ಟ: ವೆಲ್ದಿ.

32

ಮಿನ್ನೆಸೋಟ ರಾಜ್ಯದ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಕಟ್ಟಿದ ಒಂದು ಸೇಬಿನ ಬೀಜ ಗಿಡವಾಗಿ, ಚಳಿಗೆ ಪೆಟ್ಟು ತಿಂದು, ಕಿತ್ತೆಸೆಯುವ ಪಟ್ಟಿಗೆ ಸೇರಿತ್ತು. ಯಾರೋ ಇನ್ನಷ್ಟು ವರ್ಷ ನೋಡೋಣ ಎಂದರು. 1991ರಲ್ಲಿ ಹನಿಕ್ರಿಸ್ಪ್ ಎಂಬ ಹೆಸರಿನಲ್ಲಿ ಹೊರಬಂತು.

33

ಸಸಿ ಮಣ್ಣು ಮಣ್ಣಲ್ಲ. ಪೀಟ್, ಪರ್ಲೈಟ್, ಅಥವಾ ಕೊಕೊ ಪೀಟ್. ಕೊಕೊ ಪೀಟಿನ ಇಟ್ಟಿಗೆಯ ಲೇಬಲ್ ಮೇಲೆ ಭಾರತ ಅಥವಾ ಶ್ರೀಲಂಕಾ ಎಂದು ಇರುತ್ತದೆ. ಬಿಸಿನೀರು ಹುಯ್ದರೆ ಬಕೆಟ್ ತುಂಬ ಉಬ್ಬುತ್ತದೆ. ಒದ್ದೆ ತೆಂಗಿನ ನಾರಿನ ವಾಸನೆ ಬೇಸ್‌ಮೆಂಟಿನಲ್ಲಿ ಎರಡು ದಿನ ನಿಲ್ಲುತ್ತದೆ. ತಿಪಟೂರಿನ ಕಡೆಯ ನಾರಿನ ಗಿರಣಿಗಳ ಹಿಂದೆ ಈ ಪುಡಿ ಗುಡ್ಡೆಯಾಗಿ ಬಿದ್ದಿರುತ್ತಿತ್ತು.

34

ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ತರಕಾರಿ ಬೀಜ ಮಾಡುತ್ತಾರೆ. ಸಂಜೆ ಹೆಂಗಸರು ಟೊಮೆಟೊ ಮೊಗ್ಗಿನೊಳಗಿನ ಗಂಡುಭಾಗವನ್ನು ಚಿಮಟದಿಂದ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸುತ್ತಾರೆ. ಗುರುತಿಗೆ ಹೂವಿನ ಹಸಿರು ಪುಷ್ಪಪತ್ರದ ತುದಿ ಕತ್ತರಿಸುತ್ತಾರೆ. ಕಾಯಿ ಹಣ್ಣಾದಾಗ ತೊಟ್ಟಿನ ಹತ್ತಿರ ಆ ಕತ್ತರಿ ಗುರುತು ನೋಡಿ ಕೀಳುತ್ತಾರೆ. ಹಣ್ಣು ಯಾರಿಗೂ ಬೇಡ, ಬೀಜ ಬೇಕು.

35

ಇಲ್ಲಿನ ಪ್ಯಾಕೆಟ್ಟಿನ ಮೇಲೆ ಎಷ್ಟನೇ ಇಸವಿಗೆ ಪ್ಯಾಕ್ ಆಯಿತು ಎಂದು ಇದೆ. ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂದು ಕೆಲವುದರ ಮೇಲೆ ಇದೆ. ಯಾವ ಊರಿನ ಹೊಲದಲ್ಲಿ ಆದ ಬೀಜ ಎಂದು ಇಲ್ಲ.

36

ಊರಿಂದ ಬೀಜ ತರುವುದಕ್ಕೆ ಕಾಗದಪತ್ರ ಬೇಕು. ಸಣ್ಣ ಪ್ರಮಾಣಕ್ಕೆ ಅಮೆರಿಕದ ಕೃಷಿ ಇಲಾಖೆಯ ಒಂದು ಪರವಾನಗಿ ಇದೆ. ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ, ಒಂದು ಪಾರ್ಸೆಲ್ಲಿಗೆ 50 ಪೊಟ್ಟಣ. ಮಣ್ಣಿನ ಕಣ ಇರಬಾರದು. ಐವತ್ತು ಅವರೆ ಬೀಜ ಎಂದರೆ ಒಂದು ಹಿಡಿ.

37

ಅವರೆಯನ್ನು ಕನ್ನಡದವರು ಇಲ್ಲಿ ಏಪ್ರಿಲ್‌ನಲ್ಲಿ ಒಳಗೆ ಬಿತ್ತುತ್ತಾರೆ. ಜೂನ್‌ನಲ್ಲಿ ಬಳ್ಳಿ ಬೇಲಿ ಹತ್ತುತ್ತದೆ, ಆಗಸ್ಟಿನಲ್ಲಿ ಗ್ಯಾರೇಜಿನ ಸೂರು. ಹೂವಿಲ್ಲ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ. ಬೇಸಿಗೆಯ ಹಗಲು ಇಲ್ಲಿ ಹದಿನೈದು ಗಂಟೆಗೂ ಮೇಲೆ. ಸೆಪ್ಟೆಂಬರ್ ಕೊನೆಗೆ ಹಗಲು ಹನ್ನೆರಡು ಗಂಟೆಗೆ ಇಳಿಯುತ್ತದೆ, ಹೂ ಬರುತ್ತದೆ. ಅಕ್ಟೋಬರಿನಲ್ಲಿ ಎಲೆ ಸುಡುವ ಚಳಿ ಬರುತ್ತದೆ.

38

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ಹಗಲಿನ ಉದ್ದ ನೋಡುವುದಿಲ್ಲ. ಗಿಡ್ಡ ಗಿಡ. ವರ್ಷದಲ್ಲಿ ಯಾವಾಗ ಹಾಕಿದರೂ ಹೂ ಬಿಡುತ್ತದೆ. ಅವುಗಳನ್ನು ಮಾಡಿದ್ದು ಬೆಂಗಳೂರಿನವರು ಮಾಗಿಗೆ ಕಾಯದೆ ಅವರೆಕಾಯಿ ತಿನ್ನಲಿ ಎಂದು.

39

ಅಮೆರಿಕದ ಕ್ಯಾಟಲಾಗುಗಳಲ್ಲಿ ಅವರೆ ಇದೆ. ತರಕಾರಿಯ ಪುಟಗಳಲ್ಲಿಲ್ಲ, ಹೂವಿನ ಪುಟಗಳಲ್ಲಿ. ನೇರಳೆ ಹೂ, ನೇರಳೆ ಕಾಯಿ, ಚಪ್ಪರಕ್ಕೆ ಚೆಂದ ಎಂದು ಬರೆದಿರುತ್ತಾರೆ.

40

ಕರಿಬೇವಿನ ಬೀಜವನ್ನು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಒಣಗಿಸಿ ಇಟ್ಟರೆ ಸಾಯುತ್ತದೆ. ಇದು ಪ್ಯಾಕೆಟ್ಟಿಗೆ ಆಗದ ಬೀಜ, ಚಳಿಗಾಲ ಕಾಯಲಾರದ ಬೀಜ. ಹಾಗಾಗಿ ಗಿಡವೇ ಕುಂಡದಲ್ಲಿ ಒಳಗೆ ಬಂದು ದಕ್ಷಿಣದ ಕಿಟಕಿಯಲ್ಲಿ ಎಲೆ ಉದುರಿಸಿಕೊಂಡು ನಿಲ್ಲುತ್ತದೆ. ಫೆಬ್ರವರಿಯಲ್ಲಿ ಒಗ್ಗರಣೆಗೆ ಎಲೆ ಕೀಳುವ ಮುಂಚೆ ಮನೆಯವರು ಗಿಡದಲ್ಲಿ ಎಷ್ಟಿದೆ ಎಂದು ನೋಡುತ್ತಾರೆ.

41

ಮೊಳಕೆ ತಲೆ ಎತ್ತಿ ಮಣ್ಣಿನಿಂದ ಬರುವುದಿಲ್ಲ. ಬಾಗಿ ಬರುತ್ತದೆ. ಮೊದಲು ಕಾಣುವುದು ಕಾಂಡದ ಬಳುಕು. ಎಳೆಯ ತುದಿ ಹಿಂದಿನಿಂದ ಎಳೆದುಕೊಂಡು ಬರುತ್ತದೆ, ಮಣ್ಣು ಉಜ್ಜುವುದು ಬೆನ್ನಿಗೆ. ಬೆಳಕು ತಾಗಿದ ಮೇಲೆ ಕೆಲವು ಗಂಟೆಗಳಲ್ಲಿ ನೆಟ್ಟಗಾಗುತ್ತದೆ.

42

ಕೆಲವು ಮೆಣಸಿನ ಸಸಿ ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ಬರುತ್ತದೆ. ಎರಡು ಬೀಜದೆಲೆಯ ತುದಿ ಒಳಗೇ ಸಿಕ್ಕಿಕೊಂಡಿರುತ್ತದೆ. ಒಂದು ಹನಿ ನೀರು ಹಾಕಿ ಸಂಜೆಯವರೆಗೆ ಕಾಯುತ್ತಾರೆ. ಬೆರಳಿನಿಂದ ಎಳೆದರೆ ಎಲೆಯೇ ಬರುತ್ತದೆ.

43

ಅವರೆ ತನ್ನ ಬೇಳೆಗಳನ್ನು ನೆಲದ ಮೇಲೆ ಎತ್ತಿಕೊಂಡು ಬರುತ್ತದೆ. ಬಟಾಣಿ, ತೊಗರಿ ನೆಲದೊಳಗೇ ಬಿಟ್ಟು ಬರುತ್ತವೆ. ಮೇಲೆ ಬಂದ ಚಿಗುರನ್ನು ಮೊಲ ಕಡಿದರೆ ಬಟಾಣಿ ಕೆಳಗಿನಿಂದ ಇನ್ನೊಂದು ಚಿಗುರು ಕಳಿಸುತ್ತದೆ. ಅವರೆಯನ್ನು ಬೇಳೆಯ ಕೆಳಗೆ ಕಡಿದರೆ ಆಯಿತು.

44

ಟೊಮೆಟೊ, ಮೆಣಸಿನಕಾಯಿ, ಬದನೆ: ಬೀಜದೆಲೆಯ ಹಂತದಲ್ಲಿ ಮೂರೂ ಹತ್ತಿರ ಹತ್ತಿರ. ಗುರುತು ಸಿಗುವುದು ಮುಂದಿನ ಎಲೆಯಲ್ಲಿ. ಅಲ್ಲಿಯವರೆಗೆ ಗಿಡದ ಹೆಸರು ಐಸ್‌ಕ್ರೀಮ್ ಕಡ್ಡಿಯ ಮೇಲೆ ಮಾತ್ರ ಇರುತ್ತದೆ.

45

ಸಸಿ ಕೊಳೆರೋಗ ರಾತ್ರಿ ಬರುತ್ತದೆ. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ಮುರಿದು ಮಲಗಿರುತ್ತದೆ. ಎಲೆ ಇನ್ನೂ ಹಸಿರು. ಹತ್ತಿರದಿಂದ ನೋಡಿದರೆ ಬುಡದಲ್ಲಿ ಕಾಂಡ ದಾರದಷ್ಟಾಗಿ, ನೀರು ಹತ್ತಿದ ಬಣ್ಣ. ಪಿಥಿಯಮ್, ರೈಜೋಕ್ಟೋನಿಯಾ ಮುಂತಾದ ರೋಗಾಣುಗಳ ಕೆಲಸ. ಹೆಚ್ಚು ನೀರು, ತಂಪು, ನಿಂತ ಗಾಳಿ ಇವುಗಳಿಗೆ ಬೇಕು. ಒಂದು ಮೂಲೆಯಿಂದ ಶುರುವಾಗಿ ವೃತ್ತವಾಗಿ ಹರಡುತ್ತದೆ.

46

ಒಂದು ಗುಳಿಗೆ ಎರಡು ಬೀಜ ಹಾಕುವುದು ವಾಡಿಕೆ. ಎರಡೂ ಹುಟ್ಟಿದರೆ ಒಂದನ್ನು ತೆಗೆಯಬೇಕು. ಕೀಳುವುದಿಲ್ಲ, ಇನ್ನೊಂದರ ಬೇರು ಅಲುಗುತ್ತದೆ. ಉಗುರು ಕತ್ತರಿಯಿಂದ ಬುಡಕ್ಕೆ ಕತ್ತರಿಸುತ್ತಾರೆ. ವರ್ಷಗಳಿಂದ ಈ ಕೆಲಸ ಮಾಡಿದವರು ಕೂಡ ಕತ್ತರಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುವುದನ್ನು ನೋಡಿದ್ದೇನೆ.

47

ರೋಮಿನ ಚಕ್ರವರ್ತಿ ಟೈಬೀರಿಯಸ್‌ಗೆ ಸೌತೆಜಾತಿಯ ಒಂದು ಕಾಯಿ ದಿನವೂ ಬೇಕಿತ್ತು ಎಂದು ಪ್ಲಿನಿ ಬರೆದಿದ್ದಾನೆ. ತೋಟದವರು ಗಾಲಿಯ ಮೇಲೆ ಮಡಿ ಕಟ್ಟಿದ್ದರು. ಬಿಸಿಲಿದ್ದಾಗ ಹೊರಗೆ ತಳ್ಳುವುದು. ಚಳಿಯ ದಿನ ಒಳಗೆ ಎಳೆದು, ಬೆಳಕು ಹಾಯುವ ಕಲ್ಲಿನ ಹಾಳೆಯಡಿ ಇಡುವುದು.

48

ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ತರಕಾರಿ ಬೆಳೆಗಾರರು ಚಳಿಗಾಲದಲ್ಲಿ ಕುದುರೆ ಲದ್ದಿಯ ಶಾಖದ ಮೇಲೆ ಸಸಿ ಎಬ್ಬಿಸುತ್ತಿದ್ದರು, ಮೇಲೆ ಗಾಜಿನ ಗಂಟೆ ಮುಚ್ಚಿ. ಲದ್ದಿ ಊರಿನ ಗಾಡಿಕುದುರೆಗಳದ್ದು. ಮೋಟಾರು ಬಂತು, ಕುದುರೆ ಹೋದವು, ಆ ಮಡಿಗಳೂ ಹೋದವು.

49

ಮಿಶಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ವಿಲಿಯಂ ಬೀಲ್ 1879ರಲ್ಲಿ 20 ಬಾಟಲಿಗಳನ್ನು ಹೂತಿಟ್ಟರು. ಒಂದೊಂದರಲ್ಲಿ 21 ಬಗೆಯ ಗಿಡಗಳ ತಲಾ 50 ಬೀಜ, ಮರಳಿನಲ್ಲಿ ಬೆರೆಸಿ. ಬಿರಡೆ ಇಲ್ಲ, ನೀರು ನಿಲ್ಲಬಾರದೆಂದು ಬಾಯಿ ಕೆಳಗೆ. ಮೊದಲು ಐದು ವರ್ಷಕ್ಕೊಂದು ಬಾಟಲಿ ತೆಗೆದರು, ಆಮೇಲೆ ಹತ್ತು ವರ್ಷಕ್ಕೊಂದು, ಈಗ ಇಪ್ಪತ್ತಕ್ಕೊಂದು. ಅಗೆಯುವುದು ರಾತ್ರಿ, ಉಳಿದ ಬೀಜಕ್ಕೆ ಬೆಳಕು ಬೀಳದ ಹಾಗೆ. 2021ರಲ್ಲಿ ತೆಗೆದ ಬಾಟಲಿಯಲ್ಲಿ ವರ್ಬ್ಯಾಸ್ಕಮ್ ಎಂಬ ಕಳೆಗಿಡ ಮೊಳೆಯಿತು. ಇನ್ನೂ ನಾಲ್ಕು ಬಾಟಲಿ ನೆಲದಲ್ಲಿವೆ. ಕೊನೆಯದರ ಸರದಿ 2100ರಲ್ಲಿ.

50

ಮೆಕ್ಕೆಜೋಳ ಯಾವಾಗ ಬಿತ್ತಬೇಕು? ಓಕ್ ಮರದ ಎಲೆ ಅಳಿಲಿನ ಕಿವಿಯಷ್ಟಾದಾಗ. ಇದು ಇಲ್ಲಿನ ಮೂಲ ಜನರಿಂದ ಬಂದ ಮಾತು ಎನ್ನುತ್ತಾರೆ. ಓಕ್ ಮರಕ್ಕೆ ಕ್ಯಾಲೆಂಡರ್ ಇಲ್ಲ, ಮಣ್ಣಿನ ಶಾಖ ಬೇರಿಗೆ ಗೊತ್ತು.

51

ಜರ್ಮನಿಯ ಹಳ್ಳಿಗಳಲ್ಲಿ ಮೇ 11ರಿಂದ 15ರವರೆಗೆ ಐದು ದಿನಕ್ಕೆ ಐವರು ಸಂತರ ಹೆಸರು. ಮಂಜಿನ ಸಂತರು ಎಂದು ಕರೆಯುತ್ತಾರೆ. ಕೊನೆಯವಳು ಸೋಫಿ. ಸೋಫಿ ದಾಟುವವರೆಗೆ ಎಳೆಯ ಸಸಿ ಹೊರಗಿಡುವುದಿಲ್ಲ.

52

ಒಳಗೆ ಬೆಳೆದ ಸಸಿಯನ್ನು ನೇರ ಬಿಸಿಲಿಗೆ ಇಟ್ಟರೆ ಎಲೆ ಬೆಳ್ಳಗೆ ಸುಡುತ್ತದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ. ಮರುದಿನ ಎರಡು. ಆಮೇಲೆ ಬೆಳಗಿನ ಎಳೆಬಿಸಿಲು, ಗಾಳಿ. ಹೀಗೆ ವಾರ ಹತ್ತು ದಿನ. ಮೇ ತಿಂಗಳ ಸಂಜೆ ಐದರ ಹೊತ್ತಿಗೆ ಬೀದಿಯಲ್ಲಿ ಟ್ರೇ ಹಿಡಿದು ಮನೆಯೊಳಗೆ ಹೋಗುವವರು ಕಾಣುತ್ತಾರೆ. ಆಫೀಸಿನಿಂದ ಬಂದ ಬಟ್ಟೆಯಲ್ಲೇ.

53

ಸೇಂಟ್ ಪಾಲ್ ಸಂತೆಯಲ್ಲಿ ಮೇ ತಿಂಗಳಲ್ಲಿ ಹ್ಮಾಂಗ್ ರೈತರು ಸಸಿ ಮಾರುತ್ತಾರೆ. ಲಾವೋಸಿನ ಬೆಟ್ಟಗಳಿಂದ ಯುದ್ಧದ ನಂತರ ಬಂದ ಜನ. ಹಾಗಲ, ಸಣ್ಣ ಮೆಣಸಿನಕಾಯಿ, ಬದನೆ. ಹಾಗಲದ ಸಸಿಯನ್ನು ಒಬ್ಬ ಅಜ್ಜಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ನೆಡುವುದು ಯಾವಾಗ ಎಂದು ಕೇಳಿದೆ. ಅವರು ಬಗ್ಗಿ ಕಟ್ಟೆಯ ಪಕ್ಕದ ಮಣ್ಣಿಗೆ ಅಂಗೈ ಒತ್ತಿ ತೋರಿಸಿದರು. ಇಂಗ್ಲಿಷಿನಲ್ಲಿ ಏನೂ ಹೇಳಲಿಲ್ಲ.

54

ಟೊಮೆಟೊ ಪ್ಯಾಕೆಟ್ಟಿನ ಮೇಲೆ “75 ದಿನ” ಎಂದು ಅಚ್ಚಾಗಿದೆ. ಹುರುಳಿಕಾಯಿ ಪ್ಯಾಕೆಟ್ಟಿನ ಮೇಲೆ “55 ದಿನ”. ಹುರುಳಿಕಾಯಿಯ ಎಣಿಕೆ ಬೀಜ ಬಿತ್ತಿದ ದಿನದಿಂದ. ಟೊಮೆಟೊದ ಎಣಿಕೆ ಸಸಿಯನ್ನು ಹೊರಗೆ ನೆಟ್ಟ ದಿನದಿಂದ. ದೀಪದಡಿ ಕಳೆದ ಮಾರ್ಚ್, ಏಪ್ರಿಲ್ ಆ 75ರಲ್ಲಿ ಸೇರಿಲ್ಲ.